ಕಾರೈ ಕೊರಕಲುಗಳಲ್ಲಿ ಸ್ತರಗಳನ್ನು ಅಳೆದ ನನ್ನ ಅನುಭವ

ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಗ್ರಾಮದ ಬಳಿ ಮಳೆನೀರು ಕೊರೆದ ಜೇಡಿಮಣ್ಣಿನ ದಿಬ್ಬಗಳಿವೆ. ಭಾರತದ ಪೂರ್ವ ಅಂಚು ಅಂಟಾರ್ಕ್ಟಿಕಾದಿಂದ ಬೇರ್ಪಟ್ಟ ಮೇಲೆ ಒಳನುಗ್ಗಿದ ಕ್ರಿಟೇಶಿಯಸ್ ಯುಗದ ಕಡಲಿನ ತಳದಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ ಶೇಖರವಾದ ಕೆಸರು ಅದು. ಭೂವಿಜ್ಞಾನಿ ಹೆನ್ರಿ ಬ್ಲಾನ್‌ಫರ್ಡ್ 1862ರಲ್ಲಿ ಈ ಪ್ರದೇಶದ ಶಿಲೆಗಳನ್ನು ಊಟ್ಟತ್ತೂರು, ತಿರುಚಿರಾಪಳ್ಳಿ ಮತ್ತು ಅರಿಯಲೂರು ಎಂಬ ಮೂರು ಗುಂಪುಗಳಾಗಿ ವಿಂಗಡಿಸಿದರು. ಕಾರೈ ಸ್ತರಗಳು ಮೊದಲನೆಯ ಗುಂಪಿಗೆ ಸೇರುತ್ತವೆ.

ಮೊದಲ ದಿನ ನಾನು ದಿಬ್ಬಗಳ ಬುಡದಲ್ಲಿ ಕಣ್ಣಿಗೆ ಬಿದ್ದ ಪಳೆಯುಳಿಕೆಗಳನ್ನೆಲ್ಲ ಆಯ್ದು ಒಂದೇ ಚೀಲಕ್ಕೆ ತುಂಬಿದೆ. ಮಳೆ ಅವನ್ನು ಯಾವ ಪದರದಿಂದ ಉರುಳಿಸಿ ತಂದಿತ್ತೆಂಬುದು ತಿಳಿಯದ ಕಾರಣ, ಆ ಚೀಲದಿಂದ ಯಾವ ಪದರದ ವಯಸ್ಸನ್ನೂ ಹೇಳಲಾಗಲಿಲ್ಲ.

ಮರುದಿನದಿಂದ ಒಂದೂವರೆ ಮೀಟರ್ ಉದ್ದದ ಕೋಲಿಗೆ ವಾಲಿಕೆಯ ಕೋನ ಅಳೆಯುವ ಕ್ಲೈನೋಮೀಟರ್ ಕಟ್ಟಿ, ಪದರಗಳು ಪೂರ್ವಕ್ಕೆ ವಾಲಿರುವಷ್ಟೇ ಕೋಲನ್ನೂ ವಾಲಿಸಿ, ಕೆಳಗಿನಿಂದ ಮೇಲಕ್ಕೆ ಅಳೆಯುತ್ತ ಹೋದೆ. ಮೇಲಿನ ಸಡಿಲ ಮಣ್ಣನ್ನು ಗುದ್ದಲಿಯಿಂದ ಕೆರೆದು, ತಾಜಾ ಜೇಡಿಯಲ್ಲಿ ಇನ್ನೂ ಹುದುಗಿರುವುದನ್ನು ಮಾತ್ರ ಬಿಡಿಸಿ, ಪೊಟ್ಟಣದ ಮೇಲೆ ಮೀಟರ್ ಅಂಕಿ ಬರೆದೆ. ಜಿಪ್ಸಮ್ ಹಾಳೆಗಳು ಎಲ್ಲೆಡೆ ಹೊಳೆಯುತ್ತವೆ. ಅವುಗಳಲ್ಲಿ ಹಲವು ಪದರಗಳನ್ನು ಅಡ್ಡಡ್ಡ ಸೀಳಿಕೊಂಡು ಹೋಗಿರುವುದರಿಂದ, ಅವು ಕೆಸರು ಗಟ್ಟಿಯಾದ ಮೇಲೆ ಬಿರುಕುಗಳಲ್ಲಿ ಬೆಳೆದವೆಂದು ಗುರುತಿಸಿ, ಕಡಲು ಬತ್ತಿದ್ದರ ಕುರುಹೆಂದು ಎಣಿಸಲಿಲ್ಲ.

ಬೆಲೆಮ್ನೈಟ್‌ಗಳು ಹೇರಳವಾಗಿ ಸಿಕ್ಕವು. ಇಂದಿನ ಕಪ್ಪೆಬೊಂಡಾಸೆಯ (ಕಟಲ್‌ಫಿಶ್) ಅಳಿದುಹೋದ ಬಂಧುವೊಂದರ ದೇಹದೊಳಗಿದ್ದ, ಬಂದೂಕಿನ ಗುಂಡಿನಾಕಾರದ ಕ್ಯಾಲ್ಸೈಟ್ ಖನಿಜದ ಕಡ್ಡಿಗಳಿವು. ಮುರಿದ ತುಂಡನ್ನು ಒದ್ದೆ ಮಾಡಿ ಲೆನ್ಸಿನಲ್ಲಿ ನೋಡಿದರೆ, ನಡುವಿನ ಬಿಂದುವಿನಿಂದ ಎಳೆಗಳು ಸುತ್ತಲೂ ಕಿರಣಗಳಂತೆ ಹರಡಿರುವುದೂ, ಅವನ್ನು ಬೆಳವಣಿಗೆಯ ಉಂಗುರಗಳು ದಾಟುವುದೂ ಕಾಣುತ್ತದೆ. ಸುರುಳಿ ಚಿಪ್ಪಿನ ಕಡಲಜೀವಿಗಳಾದ ಅಮೋನೈಟ್‌ಗಳ ಕತೆ ಬೇರೆ. ಅವುಗಳ ಚಿಪ್ಪು ಬೇಗ ಕರಗುವ ಅರಗೊನೈಟ್ ಖನಿಜದ್ದಾದ್ದರಿಂದ ನನಗೆ ದೊರೆತವು ಬಹುಮಟ್ಟಿಗೆ ಒಳಗಿನ ಅಚ್ಚುಗಳೇ. ಆದರೆ ಆ ನಷ್ಟವೇ ಅನುಕೂಲವೂ ಆಯಿತು: ಕೋಣೆಗಳ ನಡುವಿನ ಗೋಡೆ ಚಿಪ್ಪಿಗೆ ಕೂಡುವಲ್ಲಿನ, ಎಲೆಯಂಚಿನಂತೆ ಮಡಿಮಡಿಯಾದ ಹೊಲಿಗೆರೇಖೆ ಚಿಪ್ಪು ಹೋದ ಮೇಲೆಯೇ ಕಾಣಿಸುತ್ತದೆ, ಮತ್ತು ಜಾತಿ ಗುರುತಿಸಲು ನಾನು ಹೆಚ್ಚು ನೆಚ್ಚಿದ್ದು ಅದನ್ನೇ.

ಕೈಗೆ ಪಳೆಯುಳಿಕೆ ಸಿಗದ ಪದರಗಳಿಂದ ಹಿಡಿ ಜೇಡಿ ತಂದು, ಪೂರ್ತಿ ಒಣಗಿಸಿ, ಬಳಿಕ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿದೆ. ಹಸಿ ಜೇಡಿಗಿಂತ ಒಣಗಿದ್ದು ಬೇಗ ಬಿಚ್ಚಿಕೊಳ್ಳುತ್ತದೆ. 63 ಮೈಕ್ರಾನ್ ಜರಡಿಯಲ್ಲಿ ತಿಳಿನೀರು ಬರುವವರೆಗೆ ತೊಳೆದು, ಉಳಿದದ್ದನ್ನು ಒಣಗಿಸಿ ಸೂಕ್ಷ್ಮದರ್ಶಕದಡಿ ಹರಡಿದಾಗ, ಮರಳುಕಣಗಳ ನಡುವೆ ಫೊರಾಮಿನಿಫೆರಾಗಳೆಂಬ ಚಿಪ್ಪುಳ್ಳ ಏಕಕೋಶ ಜೀವಿಗಳ ದುಂಡನೆಯ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು. ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ಸ್ಲೈಡಿನಲ್ಲಿಟ್ಟು, ಪಕ್ಕದಲ್ಲಿ ಅದೇ ಮೀಟರ್ ಅಂಕಿಯನ್ನು ಬರೆದೆ. ಪ್ರತಿ ಜೇಡಿಗೂ ಮುನ್ನ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುತ್ತಿದ್ದೆ; ಹಿಂದಿನ ತೊಳೆತದಲ್ಲಿ ಸಿಕ್ಕಿಕೊಂಡ ಚಿಪ್ಪು ಮುಂದಿನ ಮಾದರಿಗೆ ಸೇರಿದರೆ ನೀಲಿ ಬಣ್ಣದಿಂದಲೇ ಗುರುತು ಸಿಗುತ್ತಿತ್ತು.