ಇಎಂಎಂಸಿಯ ಬೂಟ್ ವಿಭಾಗವನ್ನು ಲಿನಕ್ಸ್‌ನಿಂದ ನವೀಕರಿಸುವ ಕ್ರಮ

ಇಎಂಎಂಸಿ ಎಂಬ ಫ್ಲ್ಯಾಶ್ ಸಂಗ್ರಹಣಾ ಚಿಪ್ ಇರುವ ಬೋರ್ಡಿನಲ್ಲಿ ಎಂಎಂಸಿಬಿಎಲ್‌ಕೆ0 ಎಂಬ ಮುಖ್ಯ ಸಾಧನದ ಜೊತೆಗೆ, ಅದೇ ಹೆಸರಿನ ಕೊನೆಗೆ ಬೂಟ್0 ಮತ್ತು ಬೂಟ್1 ಎಂದು ಸೇರಿಸಿಕೊಂಡ ಎರಡು ಸಣ್ಣ ಸಾಧನಗಳೂ ಕಾಣುತ್ತವೆ. ಇವು ಎಫ್‌ಡಿಸ್ಕ್‌ನಲ್ಲಿ ನಾವು ಮಾಡಿಕೊಂಡ ಪಾರ್ಟಿಷನ್‌ಗಳಲ್ಲ. ಚಿಪ್ಪಿನೊಳಗೇ ಪ್ರತ್ಯೇಕವಾಗಿರುವ ಜಾಗಗಳು. ಹಾಗಾಗಿ ಮುಖ್ಯ ಸಾಧನವನ್ನು ಪೂರ್ತಿ ಅಳಿಸಿದರೂ ಇವುಗಳಲ್ಲಿರುವ ಬೂಟ್‌ಲೋಡರ್ (ಬೋರ್ಡು ಏಳುವಾಗ ಕರ್ನಲನ್ನು ಮೆಮೊರಿಗೆ ತರುವ ಪ್ರೋಗ್ರಾಂ) ಉಳಿಯುತ್ತದೆ, ಮುಖ್ಯ ಸಾಧನದ ಪ್ರತಿ ತೆಗೆದಿಟ್ಟರೆ ಅದರಲ್ಲಿ ಇವು ಸೇರುವುದೂ ಇಲ್ಲ.

ಮೊದಲು ಡಿಡಿ ಆಜ್ಞೆಯಿಂದ ಈ ಎರಡು ಬೂಟ್ ವಿಭಾಗಗಳನ್ನೂ ಬೇರೆ ಬೇರೆ ಕಡತಗಳಿಗೆ ಪ್ರತಿ ಮಾಡಿಕೊಳ್ಳಿ. ಈ ಹೆಜ್ಜೆಯನ್ನು ಯಾವ ಅವಸರದಲ್ಲೂ ಬಿಡಬಾರದು. ಬಳಿಕ ಎಂಎಂಸಿ-ಯುಟಿಲ್ಸ್ ಎಂಬ ಉಪಕರಣದಲ್ಲಿರುವ, ಚಿಪ್ಪಿನ ಹೊಂದಾಣಿಕೆಗಳನ್ನು ಓದಿ ತೋರಿಸುವ ಎಕ್ಸ್‌ಟಿಸಿಎಸ್‌ಡಿ ರೀಡ್ ಆಜ್ಞೆಯನ್ನು ಮುಖ್ಯ ಸಾಧನದ ಮೇಲೆ ನಡೆಸಿದರೆ, 179ನೇ ಬೈಟ್ ಸದ್ಯ ಯಾವ ವಿಭಾಗದಿಂದ ಬೂಟ್ ಆಗುವಂತೆ ಹೊಂದಿಸಲಾಗಿದೆ ಎಂಬುದನ್ನು ತಿಳಿಸುತ್ತದೆ. ಅಲ್ಲಿ ಬೂಟ್0ಗೆ 1 ಎಂದೂ ಬೂಟ್1ಕ್ಕೆ 2 ಎಂದೂ ಸಂಖ್ಯೆ ಇರುವುದರಿಂದ, ಹೆಸರಿನಲ್ಲಿರುವ ಅಂಕಿಯನ್ನೇ ನಂಬಿದವರು ತಪ್ಪು ವಿಭಾಗವನ್ನು ಆರಿಸುವ ಸಾಧ್ಯತೆ ಬಹಳ.

ಹೊಸ ಬೂಟ್‌ಲೋಡರನ್ನು ಬಳಕೆಯಲ್ಲಿಲ್ಲದ ವಿಭಾಗಕ್ಕೇ ಬರೆಯಿರಿ. ಬೂಟ್‌ಲೋಡರ್ ಆಕಸ್ಮಿಕವಾಗಿ ಅಳಿದು ಬೋರ್ಡು ನಿರುಪಯುಕ್ತವಾಗದಿರಲಿ ಎಂದು ಕರ್ನಲ್ ಈ ವಿಭಾಗಗಳನ್ನು ಓದಲು ಮಾತ್ರ ತೆರೆದಿಡುತ್ತದೆ. ಕರ್ನಲ್ ತನ್ನ ಹೊಂದಾಣಿಕೆಗಳನ್ನು ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಕೆಳಗಿರುವ ಫೋರ್ಸ್_ಆರ್‌ಓ ಕಡತಕ್ಕೆ 0 ಬರೆದಾಗ ಮಾತ್ರ ಬರವಣಿಗೆಗೆ ಅವಕಾಶ ಸಿಗುತ್ತದೆ. ಬೂಟ್‌ಲೋಡರ್ ವಿಭಾಗದ ಮೊದಲಿನಿಂದ ಎಷ್ಟು ಬೈಟ್ ಬಿಟ್ಟು, ಅಂದರೆ ಯಾವ ಆಫ್‌ಸೆಟ್‌ನಿಂದ ಆರಂಭವಾಗಬೇಕು ಎಂಬುದು ಪ್ರೊಸೆಸರಿನಿಂದ ಪ್ರೊಸೆಸರಿಗೆ ಬದಲಾಗುವುದರಿಂದ ಅದರ ಕೈಪಿಡಿಯನ್ನು ನೋಡಿಯೇ ಡಿಡಿ ನಡೆಸಿ, ಬರಹ ಚಿಪ್ಪಿಗೆ ಪೂರ್ತಿ ಇಳಿಯುವವರೆಗೆ ಕಾಯುವ ಎಫ್‌ಸಿಂಕ್ ಆಯ್ಕೆಯನ್ನೂ ಕೊಡಿ. ಬರೆದದ್ದನ್ನು ಮತ್ತೆ ಓದಿ ಮೂಲ ಕಡತದೊಂದಿಗೆ ಹೋಲಿಸುವಾಗ ಡೈರೆಕ್ಟ್ ಆಯ್ಕೆಯನ್ನು ಬಳಸಿ. ಇಲ್ಲದಿದ್ದರೆ ಚಿಪ್ಪಿನ ಬದಲು ಮೆಮೊರಿಯ ಕ್ಯಾಶ್‌ನಲ್ಲಿರುವುದನ್ನೇ ಓದಿ ಸಮಾಧಾನಪಟ್ಟಂತಾಗಬಹುದು. ಎರಡೂ ಒಂದೇ ಎಂದು ಖಚಿತವಾದ ಮೇಲೆ ಫೋರ್ಸ್_ಆರ್‌ಓಗೆ ಪುನಃ 1 ಬರೆದು, ಎಂಎಂಸಿ ಬೂಟ್‌ಪಾರ್ಟ್ ಎನೇಬಲ್ ಆಜ್ಞೆಯಿಂದ ಆ ವಿಭಾಗವನ್ನು ಆಯ್ಕೆ ಮಾಡಿ. ಈ ಆಜ್ಞೆ ಕೇಳುವ ಬೂಟ್ ಅಕ್ನಾಲೆಜ್ (ಬೂಟ್ ವೇಳೆ ಚಿಪ್ ಸ್ವೀಕೃತಿ ಸಂಕೇತ ಕಳುಹಿಸಬೇಕೇ ಎಂಬ) ಬೆಲೆಯನ್ನು ಮೊದಲಿದ್ದಂತೆಯೇ ಉಳಿಸಿ. ಹೊಸದು ಏಳದಿದ್ದರೆ ಆಯ್ಕೆಯನ್ನು ಹಿಂದಕ್ಕೆ ತಿರುಗಿಸಲು ಯುಎಸ್‌ಬಿ ಅಥವಾ ಎಸ್‌ಡಿ ಕಾರ್ಡಿನಿಂದ ಬೂಟ್ ಆಗುವ ದಾರಿಯೊಂದು ಮೊದಲೇ ಸಿದ್ಧವಿರಲಿ.

ಚಿಪ್ಪಿನಲ್ಲಿ ಗುಟ್ಟಿನ ಕೀಲಿಯಿಂದ ರಕ್ಷಿಸಲಾದ ಆರ್‌ಪಿಎಂಬಿ ಎಂಬ ಇನ್ನೊಂದು ವಿಭಾಗದ ವಿಷಯವೇ ಬೇರೆ. ಅದಕ್ಕೆ ಡಿಡಿಯಿಂದ ಬರೆಯಲಾಗದು; 32 ಬೈಟಿನ ಕೀಲಿಯಿಂದ ದೃಢೀಕರಿಸಿದ ಬರಹವನ್ನಷ್ಟೇ ಅದು ಸ್ವೀಕರಿಸುತ್ತದೆ. ಆ ಕೀಲಿಯನ್ನು ಚಿಪ್ಪಿನ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕಲು ಸಾಧ್ಯವಾದ್ದರಿಂದ, ಪರೀಕ್ಷೆಗೆಂದು ಮನಸ್ಸಿಗೆ ತೋಚಿದ ಕೀಲಿಯನ್ನು ಎಂದೂ ಹಾಕಬೇಡಿ.