ರೀಫ್ ಟ್ಯಾಂಕಿನಲ್ಲಿ ಕರೆಯದೆ ಬಂದ ನಕ್ಷತ್ರ ಮೀನು: ಕಿತ್ತು ಬಿಸಾಕುವ ಮೊದಲು ನೋಡಿ

ನನ್ನ ಮೊದಲ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಒಂದೇ ರಾತ್ರಿ ಹನ್ನೆರಡು ನಕ್ಷತ್ರ ಮೀನು ಕಿತ್ತು ಬಿಸಾಕಿದ್ದೆ. ಜೋವಾಂಥಿಡ್ ಹವಳಗಳು (ಗುಂಪಾಗಿ ಪುಟ್ಟ ಹೂಗಳಂತೆ ತೆರೆಯುವವು, ಜೋವಾ ಅಂತಲೂ ಕರೆಯುತ್ತಾರೆ) ನಾಲ್ಕು ದಿನದಿಂದ ಬಾಯಿ ಮುಚ್ಚಿ ಕೂತಿದ್ದವು, ಅವುಗಳ ಮೇಲೆ ಬೂದು ಬಣ್ಣದ ಪುಟ್ಟ ನಕ್ಷತ್ರವೊಂದು ಆರಾಮಾಗಿ ಕೂತಿತ್ತು. ಇವನೇ ಕಳ್ಳ ಅಂದುಕೊಂಡೆ. ಎಲ್ಲವನ್ನೂ ತೆಗೆದೆ. ಹವಳ ಆಮೇಲೂ ತೆರೆಯಲಿಲ್ಲ. ಎರಡು ವಾರ ಕಳೆದ ಮೇಲೆ ಗೊತ್ತಾಯಿತು, ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರ್ ತಪ್ಪು ತೋರಿಸುತ್ತಿತ್ತು, ನೀರಿನ ಉಪ್ಪು 1.029ಕ್ಕೆ ಏರಿತ್ತು (ಸಿಹಿನೀರಿಗೆ ಹೋಲಿಸಿದ ಸಾಂದ್ರತೆಯ ಲೆಕ್ಕ, ಇರಬೇಕಾದದ್ದು 1.026ರ ಹತ್ತಿರ). ತಪ್ಪು ನನ್ನದು, ಸತ್ತಿದ್ದು ಅವು.

ಹಾಗಾಗಿ ಇದರ ಹೆಸರೇನು ಅಂತ ಹುಡುಕುವ ಮೊದಲು, ಇದು ಏನು ಮಾಡುತ್ತಿದೆ ಅಂತ ನೋಡಿ. ಬಣ್ಣ ನೋಡಿ ಗುರುತಿಸಲು ಹೋಗಬೇಡಿ, ನೀಲಿ ಎಲ್‌ಇಡಿ ಕೆಳಗೆ ಎಲ್ಲವೂ ಬೇರೆ ಬಣ್ಣವೇ. ಲೈಟ್ ಆರಿ ಒಂದು ಗಂಟೆ ಆದ ಮೇಲೆ ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಕಾಗದ ಸುತ್ತಿ ನೋಡಿ, ಹೂಗುಚ್ಛಕ್ಕೆ ಸುತ್ತಿ ಕೊಡುತ್ತಾರಲ್ಲ, ಅದೇ ಸಾಕು. ಗಾಜಿನ ಮೇಲೆ ಹತ್ತಿದಾಗ ಹೊರಗಿನಿಂದ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಆಗ ಅದರ ಹೊಟ್ಟೆಯ ಕಡೆಯೂ ಕಾಣುತ್ತದೆ, ಅಳತೆಯೂ ಸಿಗುತ್ತದೆ.

ಲೈವ್ ರಾಕ್ (ಜೀವಿಗಳು ತುಂಬಿದ ಕಡಲ ಕಲ್ಲು) ಅಥವಾ ಹವಳದ ಫ್ರಾಗ್ (ಬೆಳೆಸಲು ಕತ್ತರಿಸಿದ ತುಂಡು) ಜೊತೆ ಟಿಕೆಟ್ ಇಲ್ಲದೆ ಬರುವ ನಕ್ಷತ್ರಗಳಲ್ಲಿ ಹೆಚ್ಚಿನವು ಎರಡು ಗುಂಪಿನವು. ಒಂದು ಆಸ್ಟರೀನಾ. ಬಿಳಿ, ಬೂದು ಅಥವಾ ಮಾಸಲು ಕಂದು ಬಣ್ಣ, ಬೆರಳಿನ ಉಗುರಿಗಿಂತ ದೊಡ್ಡದು ಅಪರೂಪ. ಚಪ್ಪಟೆ, ತೋಳು ಮೊಂಡು. ಗುರುತು ಹಿಡಿಯಲು ಸುಲಭದ ದಾರಿ ತೋಳುಗಳ ಅಳತೆ: ಒಂದು ಕಡೆ ಎರಡು ಮೂರು ತೋಳು ದೊಡ್ಡವು, ಇನ್ನೊಂದು ಕಡೆ ಚಿಗುರಿನಂತೆ ಪುಟಾಣಿ. ಯಾರೋ ಕಚ್ಚಿ ಬಿಟ್ಟಂತೆ ಕಾಣುತ್ತದೆ, ಆದರೆ ಪೆಟ್ಟಾಗಿರುವುದಿಲ್ಲ. ಅದು ತಾನೇ ಎರಡಾಗಿ ಒಡೆದುಕೊಂಡು ಅರ್ಧ ಮೈ ಹೊಸದಾಗಿ ಬೆಳೆಸಿಕೊಳ್ಳುತ್ತಿರುತ್ತದೆ. ಆರು ಏಳು ತೋಳು ಕಂಡರೂ ಗಾಬರಿ ಬೇಡ. ಒಂದು ಬಂದರೆ ಕೆಲವು ತಿಂಗಳಲ್ಲಿ ಐವತ್ತು ಆಗುವುದೂ ಇದೇ ಕಾರಣಕ್ಕೆ, ಗಂಡು ಹೆಣ್ಣು ಜೋಡಿ ಬೇಕಾಗಿಲ್ಲ.

ಇನ್ನೊಂದು ಪುಟಾಣಿ ಬ್ರಿಟಲ್ ಸ್ಟಾರ್. ಇದರ ಆಕಾರವೇ ಬೇರೆ. ನಡುವೆ ಗುಂಡಗಿನ ಸಣ್ಣ ಬಿಲ್ಲೆ, ಅದರಿಂದ ದಾರದಂಥ ಉದ್ದ ತೋಳುಗಳು, ಹಾವಿನ ಮರಿಯಂತೆ ಹೊರಳುತ್ತವೆ. ಪೂರ್ತಿ ಪ್ರಾಣಿ ಕಾಣುವುದು ಕಡಿಮೆ. ಕಲ್ಲಿನ ತೂತಿನಿಂದ ಒಂದೆರಡು ತೋಳು ಹೊರಗೆ ಚಾಚಿ, ಮೀನಿಗೆ ಊಟ ಹಾಕಿದಾಗ ಬೀಸುತ್ತಾ ಇರುತ್ತದೆ, ಅಷ್ಟೇ. ಇದು ಬಂದಿದ್ದರೆ ಖುಷಿಪಡಿ. ಮೀನು ಬಿಟ್ಟ ಚೂರು, ಕೊಳೆ ತಿಂದುಕೊಂಡು ಇರುವ ಪ್ರಾಣಿ, ಹವಳದ ತಂಟೆಗೆ ಬರುವುದಿಲ್ಲ. ಸಂಪಿನಲ್ಲೂ ತುಂಬಿಕೊಳ್ಳುತ್ತವೆ (ಮನೆಯ ನೀರಿನ ಸಂಪ್ ಅಲ್ಲ ಮಾರಾಯ್ರೆ, ಟ್ಯಾಂಕಿನ ಕೆಳಗೆ ಫಿಲ್ಟರ್ ಇಡುವ ತೊಟ್ಟಿ). ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡುವ ಮೊದಲು ಟ್ಯಾಂಕಿನದೇ ನೀರಿನ ಬಕೆಟ್ಟಿನಲ್ಲಿ ಒಮ್ಮೆ ಅಲುಗಿಸಿ ನೋಡಿ, ಹತ್ತಾರು ಉದುರಬಹುದು.

ಅಪರೂಪಕ್ಕೆ ಮೂರನೆಯದೊಂದು ಬರುತ್ತದೆ. ಒಂದೇ ಉದ್ದ ತೋಳು, ಅದರ ಬುಡದಲ್ಲಿ ನಾಲ್ಕು ಮೊಳಕೆ, ಥೇಟ್ ಧೂಮಕೇತು. ಅದು ಲಿಂಕಿಯಾ ಜಾತಿಯದು, ಉದುರಿದ ತೋಳೊಂದರಿಂದಲೇ ಪೂರ್ತಿ ನಕ್ಷತ್ರ ಬೆಳೆಯುತ್ತಿದೆ ಅಂತ ಅರ್ಥ.

ಹುಷಾರಾಗಿರಬೇಕಾದವು ಕಡಿಮೆ. ಪಾಚಿ ಹಸಿರು ಬಣ್ಣದ, ದಪ್ಪ ತೋಳಿನ ದೊಡ್ಡ ಬ್ರಿಟಲ್ ಸ್ಟಾರ್ ಕಂಡರೆ ಅದು ಮೀನು ಹಿಡಿಯುವ ಜಾತಿ ಇರಬಹುದು. ರಾತ್ರಿ ತೋಳುಗಳ ಮೇಲೆ ನಿಂತು ಮೈ ಎತ್ತಿ ಗುಹೆಯಂತೆ ಮಾಡುತ್ತದೆ, ಮಲಗಲು ಜಾಗ ಹುಡುಕುವ ಮೀನು ಒಳಗೆ ಹೋದರೆ ತೋಳು ಸುತ್ತಿಕೊಳ್ಳುತ್ತದೆ. ಬೆಳಿಗ್ಗೆ ಒಂದು ಮೀನು ಕಡಿಮೆ. ಇದನ್ನು ಬೇರೆ ಟ್ಯಾಂಕಿಗೆ ಹಾಕಿ. ಮೈ ತುಂಬ ಮುಳ್ಳು, ಹತ್ತಕ್ಕಿಂತ ಜಾಸ್ತಿ ತೋಳು ಇದ್ದರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಹವಳ ತಿನ್ನುವ ಮುಳ್ಳು ಕಿರೀಟದ ನಕ್ಷತ್ರಕ್ಕೆ ವಿಷದ ಮುಳ್ಳಿದೆ. ಮನೆ ಟ್ಯಾಂಕಿಗೆ ಅದು ಬರುವುದು ತೀರಾ ಅಪರೂಪ.

ಈಗ ಎಲ್ಲರೂ ಜಗಳ ಆಡುವ ವಿಷಯ. ಆಸ್ಟರೀನಾ ಹವಳ ತಿನ್ನುತ್ತದೆಯಾ? ಹೆಚ್ಚಿನವು ತಿನ್ನುವುದು ಗಾಜು, ಕಲ್ಲಿನ ಮೇಲಿನ ತೆಳು ಪಾಚಿ. ಗುಲಾಬಿ ಬಣ್ಣದ ಕೊರಲೈನ್ ಪಾಚಿಯನ್ನೂ ಕೆರೆದು ಬಿಳಿ ಚುಕ್ಕೆ ಬಿಡುತ್ತವೆ. ಆದರೆ ಆಸ್ಟರೀನಾ ಅಂತ ನಾವು ಕರೆಯುವುದು ಒಂದೇ ಜಾತಿಯಲ್ಲ, ಕೆಲವು ಜೋವಾಂಥಿಡ್ ಮೇಲೆ ಹೋಗುತ್ತವೆ ಅಂತ ಟ್ಯಾಂಕ್ ಇಟ್ಟವರು ಹೇಳುವುದನ್ನು ತಳ್ಳಿಹಾಕಲಾಗದು. ಗೊಂದಲ ಎಲ್ಲಿ ಅಂದರೆ, ನಕ್ಷತ್ರ ಮೀನು ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ ಊಟದ ಮೇಲೆ ಹರಡಿ ತಿನ್ನುತ್ತದೆ. ಅದು ಹವಳದ ಮೇಲೆ ಕೂತಿದ್ದರೆ ಹವಳ ತಿನ್ನುತ್ತಿದೆಯೋ, ಮೊದಲೇ ಸಾಯುತ್ತಿದ್ದ ಭಾಗವನ್ನು ತಿನ್ನುತ್ತಿದೆಯೋ, ಹವಳದ ಮೇಲಿನ ಪಾಚಿ ನೆಕ್ಕುತ್ತಿದೆಯೋ ಒಂದು ಫೋಟೋದಿಂದ ಹೇಳಲು ಆಗುವುದಿಲ್ಲ.

ಪರೀಕ್ಷೆ ಮಾಡಿ. ಚೆನ್ನಾಗಿ ತೆರೆಯುವ ಒಂದು ಜೋವಾ ಫ್ರಾಗನ್ನು ಟ್ಯಾಂಕಿನೊಳಗೇ ನೇತುಹಾಕುವ ಜಾಲರಿ ಡಬ್ಬಿಯಲ್ಲಿಡಿ, ಅನುಮಾನದ ನಕ್ಷತ್ರ ಮೂರು ನಾಲ್ಕು ಹಾಕಿ. ಪಾಚಿ ಹಿಡಿದ ಕಲ್ಲಿನ ಚೂರೂ ಇರಲಿ, ಉಪವಾಸ ಕೆಡವಿದರೆ ಯಾರಾದರೂ ಕಳ್ಳರೇ. ಇನ್ನೊಂದು ಫ್ರಾಗನ್ನು ಅಂಥದ್ದೇ ಡಬ್ಬಿಯಲ್ಲಿ ನಕ್ಷತ್ರ ಇಲ್ಲದೆ ಇಡಿ. ಒಂದು ವಾರ ದಿನಾ ಫೋಟೋ ತೆಗೆಯಿರಿ. ಎರಡೂ ಮುಚ್ಚಿಕೊಂಡರೆ ತೊಂದರೆ ನಿಮ್ಮ ನೀರಿನಲ್ಲಿದೆ. ನಾನು ಅವತ್ತು ಮಾಡಬೇಕಿದ್ದದ್ದು ಇದನ್ನೇ.

ತೆಗೆಯಲೇಬೇಕು ಅನಿಸಿದರೆ ರಾತ್ರಿ ಸಣ್ಣ ಏರ್ ಪೈಪಿನಿಂದ ಸೈಫನ್ ಮಾಡಿ ಎಳೆಯಿರಿ, ಇಲ್ಲವೇ ಉದ್ದ ಚಿಮುಟದಲ್ಲಿ ನಿಧಾನ ಬಿಡಿಸಿ. ಟ್ಯಾಂಕಿನೊಳಗೆ ಚಿವುಟಿ ತುಂಡು ಮಾಡಬೇಡಿ, ತುಂಡೂ ಬೆಳೆಯಬಹುದು. ಹಾರ್ಲೆಕ್ವಿನ್ ಸೀಗಡಿ ತಂದುಬಿಡಿ ಅಂತ ಅಂಗಡಿಯಲ್ಲಿ ಸಲಹೆ ಸಿಗುತ್ತದೆ. ಹೌದು, ಅದು ನಕ್ಷತ್ರ ಮೀನನ್ನೇ ತಿಂದು ಬದುಕುವ ಸೀಗಡಿ, ಟ್ಯಾಂಕ್ ಖಾಲಿ ಮಾಡುತ್ತದೆ. ಆಮೇಲೆ? ಅದಕ್ಕೆ ಬೇರೇನೂ ಸೇರುವುದಿಲ್ಲ, ನೀವು ದುಡ್ಡು ಕೊಟ್ಟು ನಕ್ಷತ್ರ ಮೀನು ತಂದು ಹಾಕುತ್ತಾ ಕೂರಬೇಕು. ನನಗೆ ಇದು ಇಲಿಗೆ ಹೆದರಿ ಮನೆಗೆ ಹೆಬ್ಬಾವು ತಂದ ಹಾಗೆ ಕಾಣುತ್ತದೆ.

ಇಟ್ಟುಕೊಳ್ಳುವುದಾದರೆ ಆರೈಕೆಯಲ್ಲಿ ಮುಖ್ಯವಾದದ್ದು ಉಪ್ಪು. ನಕ್ಷತ್ರ ಮೀನು ಸಮುದ್ರದ ನೀರನ್ನೇ ಮೈಯೊಳಗೆ ಎಳೆದುಕೊಂಡು, ಅದರ ಒತ್ತಡದಿಂದಲೇ ಕೊಳವೆ ಕಾಲು ಆಡಿಸುತ್ತದೆ. ಹೊರಗಿನ ಉಪ್ಪು ತಟ್ಟನೆ ಬದಲಾದರೆ ತಡೆಯುವ ಶಕ್ತಿ ಅದಕ್ಕಿಲ್ಲ. 1.026 ಅಥವಾ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು), 25–26 ಡಿಗ್ರಿ, ಏರಿಳಿತ ಬೇಡ. ಬೆಂಗಳೂರಿನ ಮಾರ್ಚ್–ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಹಾಕಿದರೆ ನೀರು ಬೇಗ ಆರುತ್ತದೆ, ಉಪ್ಪು ಉಳಿಯುತ್ತದೆ. ದಿನಾ ಆರಿದಷ್ಟೇ ಆರ್‌ಒ ಸಿಹಿನೀರು ಹಾಕಿ, ವಾರಕ್ಕೊಮ್ಮೆ ಬಕೆಟ್ ಸುರಿಯಬೇಡಿ. ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದಲ್ಲ, 35 ಪಿಪಿಟಿ ದ್ರಾವಣದಿಂದ ಸರಿಮಾಡಿ. ಬೇರೆ ಟ್ಯಾಂಕಿಗೆ ಸಾಗಿಸುವಾಗ ನೀರಿನ ಸಮೇತ ಲೋಟದಲ್ಲೇ ಎತ್ತಿ, ಗಾಳಿಗೆ ತೆಗೆಯಬೇಡಿ, ಹೊಸ ನೀರನ್ನು ತೊಟ್ಟು ತೊಟ್ಟಾಗಿ ಒಂದೂವರೆ ಎರಡು ಗಂಟೆ ಬಿಡಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂತು ಅಂತ ತಾಮ್ರದ ಔಷಧಿ ಈ ಟ್ಯಾಂಕಿಗೆ ಹಾಕಿದರೆ ಕಥೆ ಮುಗಿಯಿತು, ನಕ್ಷತ್ರ, ಸೀಗಡಿ, ಹವಳ ಎಲ್ಲಾ ಹೋಗುತ್ತವೆ.

ಊಟದ ವಿಷಯದಲ್ಲಿ ಪುಟಾಣಿಗಳಿಗೆ ಏನೂ ಬೇಡ. ಬ್ರಿಟಲ್ ಸ್ಟಾರ್ ಸ್ವಲ್ಪ ದೊಡ್ಡದಿದ್ದರೆ ವಾರಕ್ಕೆ ಎರಡು ಸಲ ಉಪ್ಪು ಹಾಕದ ಹಸಿ ಸೀಗಡಿಯ ಚೂರು ತೋಳಿನ ಹತ್ತಿರ ಇಡಿ, ಸುತ್ತಿಕೊಂಡು ಒಳಗೆಳೆಯುತ್ತದೆ. ತೋಳು ಹಿಡಿದು ಎಳೆಯಬೇಡಿ, ಕಿತ್ತು ಬರುತ್ತದೆ. ಲಿಂಕಿಯಾ ಮಾತ್ರ ಕಷ್ಟ. ಅದು ಕಲ್ಲಿನ ಮೇಲಿನ ಪದರವನ್ನು ಮೇಯುತ್ತದೆ, ಹೊಸ ಟ್ಯಾಂಕಿನಲ್ಲಿ ಆ ಪದರ ಇರುವುದೇ ಇಲ್ಲ, ತಿಂಗಳುಗಟ್ಟಲೆ ಮೆಲ್ಲಗೆ ಹಸಿದು ಸಾಯುತ್ತದೆ. ತೋಳಿನ ತುದಿ ಕರಗುವುದು, ಮೈಮೇಲೆ ಬಿಳಿ ಗಾಯ, ಮೆತ್ತಗಾಗಿ ಜೋತುಬೀಳುವುದು ಕಂಡರೆ ತಕ್ಷಣ ಹೊರಗೆ ತೆಗೆಯಿರಿ, ಕೊಳೆತರೆ ಅಮೋನಿಯಾ ಏರುತ್ತದೆ.

ಬೇಡದ್ದನ್ನು ಮಲ್ಪೆಗೋ ಕಾರವಾರಕ್ಕೋ ಹೋದಾಗ ಸಮುದ್ರಕ್ಕೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತೇನೆ ಅನ್ನಬೇಡಿ. ಅದು ಯಾವ ಕಡಲಿನದೋ, ಜೊತೆಗೆ ಯಾವ ರೋಗ ಇದೆಯೋ. ಹಾಗೆಯೇ ನಮ್ಮ ಕಡಲಿನಿಂದ ಹವಳದ ಕಲ್ಲು ತರುವ ಯೋಚನೆಯೂ ಬೇಡ. ನೇತ್ರಾಣಿಯಲ್ಲಿ ಹವಳ ಇದೆ ನಿಜ, ಆದರೆ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕಿತ್ತರೆ ಕೇಸು. ಜಾಸ್ತಿಯಾದ ನಕ್ಷತ್ರಗಳನ್ನು ಹಾರ್ಲೆಕ್ವಿನ್ ಸೀಗಡಿ ಸಾಕಿದವರಿಗೆ ಕೊಡಿ. ನನ್ನ ಪರಿಚಯದವರೊಬ್ಬರು ಹದಿನೈದು ದಿನಕ್ಕೊಮ್ಮೆ ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದುಕೊಂಡು ಬರುತ್ತಾರೆ, ತುಂಬಿ ಕೊಡುತ್ತೇನೆ.