ಕಿಲುಬು ಕೆರೆಯದೆಯೇ ಕನ್‌ಏ ಕಾಸಿನ ಕಾಲ ಹಿಡಿದದ್ದು

ಹುಣಸೆಹಣ್ಣು ಹಾಕಿ ಉಜ್ಜದಿದ್ದರೆ ಜಪಾನಿನ ಹಳೇ ಚೌಕ ತೂತಿನ ಕಾಸುಗಳ ಮೇಲಿನ ಅಕ್ಷರ ಕಾಣುವುದೇ ಇಲ್ಲ ಎಂದು ಬೆಂಗಳೂರಿನ ನಾಣ್ಯದ ಗೆಳೆಯರು ಹೇಳಿದ್ದರು. ಜಪಾನೀ ಸರಿಯಾಗಿ ಓದಲು ಬಾರದವನಿಗೆ ಇದು ಆಗುವ ಕೆಲಸವಲ್ಲ ಎಂದು ಇಲ್ಲಿ ಒಸಾಕಾದಲ್ಲಿ ಸಂತೆಯ ಹಿರಿಯರೊಬ್ಬರು ತಲೆಯಾಡಿಸಿದ್ದರು. ಈಗ ಕನ್‌ಏ ತ್ಸೂಹೋ ಎಂಬ ಆ ಕಾಸಿನ ಒಂದು ಇಡೀ ರಾಶಿಯನ್ನು, ಒಂದನ್ನೂ ತೊಳೆಯದೆ, ಕಾಲವಾರು ಬೇರೆ ಮಾಡಿದ್ದೇನೆ. ಅದೇ ಹಿರಿಯರು ಭೂತಗನ್ನಡಿ ಹಿಡಿದು ನಲವತ್ತು ಚಿಲ್ಲರೆ ಕಾಸು ಪರೀಕ್ಷಿಸಿ, ಎರಡೋ ಮೂರೋ ಮಾತ್ರ ಸ್ಥಳ ಬದಲಿಸಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಶಿ ಸಿಕ್ಕಿದ್ದು ತಿಂಗಳಿಗೆ 21, 22ರಂದು ಶಿತೆನ್ನೋಜಿ ದೇಗುಲದ ಆವರಣದಲ್ಲಿ ನಡೆಯುವ ಸಂತೆಯಲ್ಲಿ. ಇನ್ನೂರರ ಹತ್ತಿರ ಕಾಸು, ಐದು ಸಾವಿರ ಯೆನ್‌ನ ಆಸುಪಾಸು. ಹಸಿರು ಕಿಲುಬು, ಮಣ್ಣು, ಕೆಲವು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮೊದಲು ಕಂಪ್ಯೂಟರಿಗೆ ಸಿಕ್ಕಿಸುವ ಮೈಕ್ರೋಸ್ಕೋಪ್ ತಂದೆ, ಆರು ಸಾವಿರ ಯೆನ್. ದಂಡ. ಅಷ್ಟು ಹತ್ತಿರದಿಂದ ನೋಡಿದರೆ ಕಿಲುಬಿನ ಹರಳು ಕಾಣುತ್ತದೆಯೇ ಹೊರತು ಅಕ್ಷರವಲ್ಲ. ಇಲ್ಲಿನವರು ಮಾಡುವ ಹಾಗೆ ತೆಳು ಕಾಗದ ಇಟ್ಟು ಮಸಿಯಲ್ಲಿ ಅಚ್ಚು ತೆಗೆದೆ. ಚೊಕ್ಕ ಕಾಸಿಗೆ ಅದು ಬಹಳ ಸೊಗಸು, ಕಿಲುಬು ಕಾಸಿಗೆ ಬರೀ ಚುಕ್ಕೆ. ಕ್ಯಾಮೆರಾದ ಸುತ್ತ ಹಚ್ಚುವ ರಿಂಗ್ ಲೈಟ್ ಇನ್ನೂ ಕೆಡಿಸಿತು. ಎಲ್ಲ ಕಡೆಯಿಂದ ಬೆಳಕು ಬಿದ್ದರೆ ನೆರಳೇ ಇರುವುದಿಲ್ಲ, ನಮಗೆ ಬೇಕಾದ್ದು ನೆರಳು.

ಕೊನೆಗೆ ಕೆಲಸ ಮಾಡಿದ್ದು ನೂರು ಯೆನ್ ಅಂಗಡಿಯ ಪುಟ್ಟ ಟಾರ್ಚ್. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ಕಾಸನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಏಳೆಂಟು ಫೋಟೋ. ಓದುವ ಗೊಡವೆ ಬೇಡ. ಚೌಕ ತೂತಿನ ಎಡಗಡೆಯ ಅಕ್ಷರ 'ಹೋ', ಅದರ ತಳದ ಎರಡು ಕಾಲನ್ನಷ್ಟೇ ನೋಡಿ. ಬಲಗಾಲು ಎಡಗಾಲಿನ ನಡುವಿಗೆ ಬಂದು ಕೂಡಿಕೊಂಡಿದ್ದರೆ ಹಳೇ ಕನ್‌ಏ: 1636ರಿಂದ ಶುರುವಾಗಿ 1650ರ ದಶಕದ ಕೊನೆಯವರೆಗಿನ ಎರಕ. ಕಾಲೆರಡೂ ಬಿಡಿಬಿಡಿಯಾಗಿ ನಿಂತಿದ್ದರೆ ಹೊಸದು, ಅಂದರೆ 1668ರಿಂದ ಈಚೆಗಿನದು. ಬೆಳಕು ಒಂದೇ ಕಡೆಯಿಂದ ಬಂದರೆ ಆ ಸಂದಿನಲ್ಲಿ ಕೂದಲೆಳೆಯಷ್ಟು ನೆರಳು ನಿಲ್ಲುತ್ತದೆ. ಕಿಲುಬು ಕಟ್ಟಿದ್ದರೂ, ಒಂದಲ್ಲ ಒಂದು ಫೋಟೋದಲ್ಲಿ ಅದು ಹೆಚ್ಚಾಗಿ ಸಿಗುತ್ತದೆ. ಟಾರ್ಚಿನ ಮುಂದೆ ನಾನು ಹಿಡಿಯುವ ವಸ್ತು ಯಾವುದು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ, ಅದಕ್ಕೆ ಒಂದು ಚಳಿಗಾಲವೇ ಹೋಗಿದೆ.

ಆಮೇಲೆ ಹಿಂಬದಿ. ತೂತಿನ ಮೇಲೆ 'ಬುನ್' ಅಕ್ಷರವಿದ್ದರೆ 1668ರಿಂದ 1683ರವರೆಗೆ ಎದೋ ನಗರದ (ಇಂದಿನ ಟೋಕಿಯೋ) ಕಾಮೆಇದೋದಲ್ಲಿ ಹೊಯ್ದದ್ದು. ಕ್ಯೋಟೋದ ಹೋಕೋಜಿ ದೇಗುಲದ ದೊಡ್ಡ ಬುದ್ಧನನ್ನು ಕರಗಿಸಿ ಮಾಡಿದ ಕಾಸು ಎಂಬ ಮಾತು ಇವಕ್ಕೆ ಅಂಟಿಕೊಂಡಿದೆ. ಕೈಗೆ ತೆಗೆದುಕೊಂಡರೇ ತಿಳಿಯುತ್ತದೆ: ಸುಮಾರು 25 ಮಿಲಿಮೀಟರ್, ಮೂರೂವರೆ ಗ್ರಾಂ. ಮುಂದಿನ ಕಾಲದವು ಇವುಗಳ ಮುಂದೆ ಬಡಕಲು. 'ಗೆನ್' ಇದ್ದರೆ 1741ರ ಒಸಾಕಾ, 'ಚೋ' ಇದ್ದರೆ 1767ರ ನಾಗಸಾಕಿ. ಅಲೆಗಳಿದ್ದರೆ ಅದು ನಾಲ್ಕು ಮೋನ್ (ಆಗಿನ ಹಣದ ಎಣಿಕೆ) ಬೆಲೆಯ ಹಿತ್ತಾಳೆ ಕಾಸು. ಅಲೆ ಎಣಿಸಿ: 21 ಇದ್ದರೆ 1768, 11 ಇದ್ದರೆ 1769ರಿಂದ ಈಚೆಗೆ. ನನ್ನ ರಾಶಿಯಲ್ಲಿ 21 ಅಲೆಯದು ಒಂದೇ ಒಂದು ಸಿಕ್ಕಿತು, ಅಂದು ರಾತ್ರಿ ನಿದ್ದೆ ಬರಲಿಲ್ಲ.

ಹವಾಯಿಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವ ಗೆಳೆಯನ ಮೇಲೂ ಇದೇ ಉಪಾಯ ಪ್ರಯೋಗಿಸಿದೆ. 1885ರಿಂದ ಜಪಾನೀ ಕೂಲಿಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರಲ್ಲ, ಹಾಗಾಗಿ ಅವನಿಗೆ ಸಿಗುವುದು ಹೆಚ್ಚಾಗಿ ಮೇಜಿ ದೊರೆಯ ಕಾಲದ, ಡ್ರ್ಯಾಗನ್ ಚಿತ್ರವಿರುವ ಸೆನ್, ಅಂದರೆ ಯೆನ್‌ನ ಚಿಲ್ಲರೆ. ಟಾರ್ಚ್ ಹೀಗೆ ಹಿಡಿ ಎಂದು ವಾಟ್ಸಾಪಿನಲ್ಲಿ ಹೇಳಿಕೊಟ್ಟೆ. ಬಂದ ಫೋಟೋದಲ್ಲಿ ಮೇಜಿ 17 ಅಂತ ಸ್ಪಷ್ಟವಾಗಿ ಕಂಡಿತು. ಅದು ದೊರೆಯ ಆಳ್ವಿಕೆಯ ವರ್ಷ. ಮೇಜಿಗೆ 1867 ಕೂಡಿಸಿ, 1884. ಮುಂದಿನ ದೊರೆಗಳಾದ ತೈಶೋಗೆ 1911, ಶೋವಾಗೆ 1925.

ಹಳೇ ಬೆಳ್ಳಿಯ ಒಂದು ಯೆನ್ ನಾಣ್ಯಕ್ಕೆ ಮಾತ್ರ ಬೆಳಕಿಗಿಂತ ತಕ್ಕಡಿ ಮುಖ್ಯ. ಅದು 26.96 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ನಾಣ್ಯವನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟರೆ ತೂಕ 2.6 ಗ್ರಾಂ ಆಸುಪಾಸು ಏರಬೇಕು. ಸಂತೆಯೊಂದರಲ್ಲಿ ಅಸಲಿ ಎಂದು ಆಣೆ ಮಾಡಿ ಹನ್ನೆರಡು ಸಾವಿರ ಕೇಳಿದ ನಾಣ್ಯ ಜೇಬಿನ ತಕ್ಕಡಿಯಲ್ಲಿ 23 ಗ್ರಾಂ ಕೂಡ ಮುಟ್ಟಲಿಲ್ಲ. ಮಾತಾಡದೆ ವಾಪಸ್ಸು ಕೊಟ್ಟು ಬಂದೆ.

ಲೆಕ್ಕಕ್ಕೆ ಬಂದರೆ, ಸಾಮಾನ್ಯ ಕಾಸುಗಳನ್ನು ಐವತ್ತು, ನೂರು ಯೆನ್‌ನಂತೆ ಮಾರಿಯೇ ಮೈಕ್ರೋಸ್ಕೋಪಿನ ದಂಡವೂ ಸೇರಿ ಹಾಕಿದ ದುಡ್ಡು ಹುಟ್ಟಿತು. ಹಳೇ ಕನ್‌ಏ ಮೂವತ್ತರಷ್ಟಿವೆ, ಅವನ್ನು ಮಾರಿಲ್ಲ. ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದವು ಒಂದು ಡಬ್ಬಿ ತುಂಬ ಪಕ್ಕಕ್ಕಿವೆ. ಅವು 1739ರಿಂದ ಈಚಿನವು ಎಂಬಷ್ಟು ಮಾತ್ರ ಗೊತ್ತಾಗುತ್ತದೆ, ತುಕ್ಕು ಹಿಡಿದು ಉಬ್ಬಿದ ಅಕ್ಷರಕ್ಕೆ ಈ ಟಾರ್ಚ್ ನಡೆಯುವುದಿಲ್ಲ.